ಕೈಯಿಂದ ಕೈಗೆ ಬಂದ ರಿಜಿಸ್ಟರು

ನಾನು 2015ರಲ್ಲಿ ನಮ್ಮ ಕಾಲೇಜಿನ ಸಮಾಜಕಾರ್ಯ ಸ್ನಾತಕೋತ್ತರ ವಿಭಾಗಕ್ಕೆ ಸೇರಿದಾಗ ವಾರದಲ್ಲಿ ಎರಡು ದಿನ ಕ್ಷೇತ್ರಕಾರ್ಯ ಕಡ್ಡಾಯವಾಗಿತ್ತು. ಆಸ್ಪತ್ರೆ, ಬಾಲಮಂದಿರ, ಕಾರ್ಖಾನೆಯ ಕಾರ್ಮಿಕ ಕಲ್ಯಾಣ ವಿಭಾಗ ಎಂದು ವಿದ್ಯಾರ್ಥಿಗಳನ್ನು ಹಂಚಿದ ಪಟ್ಟಿಯಲ್ಲಿ ನಾವು ನಾಲ್ವರು ಕೊಳೆಗೇರಿ ನಿವಾಸಿಗಳ ವಸತಿ ಹಕ್ಕಿಗಾಗಿ ದುಡಿಯುವ, ಬೆಂಗಳೂರಿನ ಒಂದು ಬಾಡಿಗೆ ಮಹಡಿಯಲ್ಲಿ ಎರಡೇ ಕೋಣೆಗಳಿದ್ದ ಸಣ್ಣ ಸಂಸ್ಥೆಯ ಪಾಲಿಗೆ ಬಂದೆವು. ವಸತಿ ಸಂಸ್ಥೆ ಎಂದ ಮೇಲೆ ಪಾಯ, ಗೋಡೆ, ತಾರಸಿಗಳ ಕೆಲಸ ಇರಬಹುದೆಂದು ಎಣಿಸಿದ್ದ ನಮ್ಮ ಮುಂದೆ ಮೊದಲ ದಿನ ಬಂದದ್ದು ರಟ್ಟಿನ ಹೊದಿಕೆಯ ಒಂದು ದಪ್ಪ ರಿಜಿಸ್ಟರು. ನಮಗಿಂತ ಹಿಂದಿನ ಹಲವು ತಂಡಗಳ ವಿದ್ಯಾರ್ಥಿಗಳ ಕೈಬರಹ ಅದರಲ್ಲಿತ್ತು. ಸಾಲು, ಮನೆ ಸಂಖ್ಯೆ, ಕುಟುಂಬದ ಯಜಮಾನಿಯ ಹೆಸರು, ಇಲ್ಲಿಗೆ ಬಂದ ವರ್ಷ, ನೀರಿನ ಮೂಲ, ಶೌಚಾಲಯ, ಕೈಯಲ್ಲಿರುವ ದಾಖಲೆಗಳು ಎಂದು ಪುಟದ ತುಂಬ ಗೆರೆ ಎಳೆದು ತುಂಬಿಸಿದ್ದರು.

ಆ ವರ್ಷದ ಜೂನ್ ತಿಂಗಳಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗ ಆರಂಭವಾಗಿತ್ತು. ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬ ತನ್ನ ನಿವೇಶನದಲ್ಲಿ ತಾನೇ ಮನೆ ಕಟ್ಟಿಕೊಳ್ಳುವುದಾದರೆ ಕೇಂದ್ರ ಸರ್ಕಾರ 1.5 ಲಕ್ಷ ರೂಪಾಯಿ ಕೊಡುತ್ತದೆ ಎಂಬ ಸುದ್ದಿ ಗಲ್ಲಿಗಲ್ಲಿಗೂ ಹರಡಿ, ಸಂಸ್ಥೆಯ ಮೆಟ್ಟಿಲ ಮೇಲೆ ಬೆಳಿಗ್ಗೆಯಿಂದಲೇ ಜನ ಬಂದು ಕೂರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಅರ್ಜಿಯ ಮೊದಲ ಪ್ರಶ್ನೆಯಲ್ಲಿಯೇ ನಿಂತುಬಿಡುತ್ತಿದ್ದರು, ಏಕೆಂದರೆ ಸ್ವಂತ ನಿವೇಶನಕ್ಕೆ ಹಕ್ಕುಪತ್ರ ಬೇಕು, ಹಕ್ಕುಪತ್ರಕ್ಕೆ ಆ ಪ್ರದೇಶ ಮೊದಲು ಸರ್ಕಾರದ ಕಡತದಲ್ಲಿ ಕೊಳೆಗೇರಿ ಎಂದು ಘೋಷಣೆಯಾಗಿರಬೇಕು. ಕರ್ನಾಟಕ ಕೊಳಚೆ ಪ್ರದೇಶಗಳ ಅಧಿನಿಯಮ 1973ರ 3ನೇ ಕಲಮಿನಡಿ ಘೋಷಣೆಯಾದ ಪ್ರದೇಶಕ್ಕೆ ನೀರು, ಚರಂಡಿ, ಬೀದಿದೀಪ ಕೇಳಲು ಒಂದು ಆಧಾರವಿರುತ್ತದೆ. ಘೋಷಣೆಯಾಗದ ಪ್ರದೇಶದ ಜನ ಎಷ್ಟೇ ವರ್ಷದಿಂದ ಅಲ್ಲಿದ್ದರೂ ಕಡತದ ಕಣ್ಣಿಗೆ ಅಲ್ಲಿ ಯಾರೂ ಇಲ್ಲ. ಸಂಸ್ಥೆಯ ಹಿರಿಯ ಕಾರ್ಯಕರ್ತೆಯೊಬ್ಬರು ಈ ಕಾಯ್ದೆಯನ್ನು ನಮ್ಮಿಂದ ಕಲಮು ಕಲಮಾಗಿ ಗಟ್ಟಿಯಾಗಿ ಓದಿಸಿ, ಗಲ್ಲಿಯ ಹೆಂಗಸರಿಗೆ ತಿಳಿಯುವ ಕನ್ನಡದಲ್ಲಿ ಹೇಳಿಸುತ್ತಿದ್ದರು. ನನಗೆ ಕಾನೂನು ನಿಜವಾಗಿ ಅರ್ಥವಾದದ್ದು ಆ ಎರಡನೆಯ ಕೆಲಸದಲ್ಲಿ.

ನಮ್ಮ ಕೆಲಸದ ಬಹುಪಾಲು ಮನೆ ಮನೆ ಸಮೀಕ್ಷೆ. ಸೂರಿನ ಸಂದಿಯಲ್ಲಿ, ತಗಡಿನ ಟ್ರಂಕಿನ ತಳದಲ್ಲಿ, ದೇವರ ಪಟದ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಾಗದಗಳನ್ನು ಮನೆಯವರು ತೆಗೆದು ಹರಡುತ್ತಿದ್ದರು: ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ, ಮಗುವಿನ ಲಸಿಕೆ ಕಾರ್ಡು, ಶಾಲೆಯ ವರ್ಗಾವಣೆ ಪತ್ರ, ಎಂದೋ ಕಟ್ಟಿದ ದಂಡದ ರಸೀದಿ. ಯಾವ ಕಾಗದ ವಾಸದ ವರ್ಷವನ್ನು ತೋರಿಸುತ್ತದೆ, ಯಾವುದು ಗುರುತನ್ನು ಮಾತ್ರ ತೋರಿಸುತ್ತದೆ ಎಂದು ಬೇರ್ಪಡಿಸುವುದನ್ನು ನಾವು ನಿಧಾನವಾಗಿ ಕಲಿತೆವು. ಮಳೆಗೆ ನೆಂದು ಶಾಯಿ ಹರಡಿದ ಚೀಟಿಗಳೂ ಇರುತ್ತಿದ್ದವು. ಅಂಥವುಗಳ ಮೇಲೆ ಕಾಣುವಷ್ಟನ್ನು ಕೂಡಲೇ ಬರೆದಿಟ್ಟುಕೊಳ್ಳಬೇಕೆಂಬುದು ಸಂಸ್ಥೆಯ ಕಟ್ಟುನಿಟ್ಟಿನ ನಿಯಮ.

ಆ ನಿಯಮದ ಬೆಲೆ ನನಗೆ ತಿಳಿದದ್ದು ಒಬ್ಬ ವಿಧವೆ ಹೂವಾಡಗಿತ್ತಿಯ ಅರ್ಜಿಯಲ್ಲಿ. ಅವರ ಹಳೆಯ ಪಡಿತರ ಚೀಟಿ ಕಳೆದುಹೋಗಿತ್ತು, ಹೊಸ ಚೀಟಿಯಲ್ಲಿದ್ದ ವರ್ಷ ತೀರ ಈಚಿನದು. ರಿಜಿಸ್ಟರಿನ ಹಿಂದಿನ ಪುಟಗಳಲ್ಲಿ ನಮಗಿಂತ ಎಷ್ಟೋ ವರ್ಷ ಹಿಂದೆ ಓದಿದ ಯಾವುದೋ ವಿದ್ಯಾರ್ಥಿನಿ ಅವರ ಮನೆಯ ಎದುರು ಹಳೆಯ ಚೀಟಿಯ ಸಂಖ್ಯೆಯನ್ನು ಬರೆದಿಟ್ಟಿದ್ದಳು. ರಿಜಿಸ್ಟರು ತಾನೇ ಸಾಕ್ಷಿಯಾಗದಿದ್ದರೂ ಆ ಸಂಖ್ಯೆಯನ್ನು ಹಿಡಿದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದಾಗ ಹಳೆಯ ದಾಖಲೆಯ ದೃಢೀಕೃತ ಪ್ರತಿ ಸಿಕ್ಕಿತು, ಅವರ ಕಡತ ಮುಂದೆ ಸರಿಯಿತು. ಆ ವಿದ್ಯಾರ್ಥಿನಿ ಯಾರೆಂದು ನಮಗಾರಿಗೂ ಗೊತ್ತಿರಲಿಲ್ಲ, ತನ್ನ ಒಂದು ಸಾಲು ಏನು ಮಾಡಿತೆಂಬುದು ಅವಳಿಗೂ ಗೊತ್ತಾಗಿರಲಾರದು.

ಎರಡನೆಯ ವರ್ಷ ನಮ್ಮನ್ನು ಊರಿನ ಪೂರ್ವ ಅಂಚಿಗೆ, ವೈಟ್‌ಫೀಲ್ಡ್ ಕಡೆಯ ನೀಲಿ ಟಾರ್ಪಾಲಿನ್ ಜೋಪಡಿಗಳಿಗೆ ಕಳುಹಿಸಿದರು. ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳಿಂದ ಬಂದು ಬಹುಮಹಡಿ ಕಟ್ಟಡಗಳ ಕೆಲಸದಲ್ಲಿ ದುಡಿಯುವ ಕುಟುಂಬಗಳು ಅಲ್ಲಿ ಖಾಸಗಿ ಜಮೀನಿನಲ್ಲಿ ತಿಂಗಳಿಗೆ ಇಷ್ಟೆಂದು ನೆಲಬಾಡಿಗೆ ಕೊಟ್ಟು ಇರುತ್ತವೆ. “ಊರಾಗ ಮನಿ ಐತ್ರಿ, ಆದ್ರ ಕೆಲಸ ಇಲ್ರಿ. ಇಲ್ಲಿ ಕೆಲಸ ಐತಿ, ಮನಿ ಇಲ್ಲ” ಎಂದು ಒಬ್ಬ ಗಾರೆ ಕೆಲಸದಾಕೆ ಹೇಳಿದ ಮಾತನ್ನು ನಾನು ವರದಿಯಲ್ಲಿ ಹಾಗೆಯೇ ಬರೆದೆ, ನಮ್ಮ ಅಧ್ಯಾಪಕರು ಅದರ ಕೆಳಗೆ ಗೆರೆ ಎಳೆದಿದ್ದರು. ಪಡಿತರ ಚೀಟಿ ಊರಿನಲ್ಲಿ, ಮತ ಊರಿನಲ್ಲಿ, ಮಕ್ಕಳಲ್ಲಿ ಕೆಲವರು ಊರಿನಲ್ಲಿ ಅಜ್ಜಿಯ ಬಳಿ. ಹೀಗಿರುವಾಗ ನಗರದ ಯಾವ ವಸತಿ ಯೋಜನೆಯ ಬಾಗಿಲೂ ಅವರಿಗೆ ತೆರೆಯುತ್ತಿರಲಿಲ್ಲ. ನಾವು ಮಾಡಬಹುದಾಗಿದ್ದುದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಡಿ ಕಲ್ಯಾಣ ಮಂಡಳಿಗೆ ಅವರ ನೋಂದಣಿ. ಅದಕ್ಕೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕಿತ್ತು, ಅದಕ್ಕೆ ಸಹಿ ಹಾಕಬೇಕಾದ ಮೇಸ್ತ್ರಿಯೋ ಮುಂದಿನ ಕಟ್ಟಡಕ್ಕೆ ಹೋಗಿಬಿಟ್ಟಿರುತ್ತಿದ್ದ. ನಗರವನ್ನು ಕಟ್ಟುವವರಿಗೇ ನಗರದಲ್ಲಿ ನೆಲೆಯಿಲ್ಲದ ಈ ಸ್ಥಿತಿಯನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ, ಅದಕ್ಕಿಂತ ಮೆದುವಾದ ಹೆಸರು ನನಗೆ ಒಪ್ಪಿಗೆಯಿಲ್ಲ.

ತರಗತಿಯಲ್ಲಿ ನಾವು ಓಲ್ಗಾ ಟೆಲ್ಲಿಸ್ ಪ್ರಕರಣದ 1985ರ ಸುಪ್ರೀಂ ಕೋರ್ಟ್ ತೀರ್ಪನ್ನು ಓದಿದ್ದೆವು. ಜೀವನೋಪಾಯವೂ ಜೀವಿಸುವ ಹಕ್ಕಿನ ಭಾಗವೆಂದು ಒಪ್ಪಿದ ಅದೇ ತೀರ್ಪು ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳನ್ನು ಮಳೆಗಾಲ ಮುಗಿದ ಮೇಲೆ ತೆರವುಗೊಳಿಸಲು ಅವಕಾಶ ಕೊಟ್ಟಿತ್ತು. ಪರೀಕ್ಷೆಗೆ ಬರೆಯುವಾಗ ಮೊದಲ ಅರ್ಧವನ್ನು ಮಾತ್ರ ಬರೆದು ಬರುತ್ತಿದ್ದ ನಾವು ಜೋಪಡಿಗಳ ನಡುವೆ ಓಡಾಡಿದ ಮೇಲೆ ಎರಡನೆಯ ಅರ್ಧವನ್ನೂ ಓದತೊಡಗಿದೆವು. ನಾನು ಕಾಲೇಜು ಬಿಟ್ಟ ಮೇಲೆ, 2020ರ ಜನವರಿಯಲ್ಲಿ, ಬೆಂಗಳೂರಿನದೇ ಕರಿಯಮ್ಮನ ಅಗ್ರಹಾರದ ಜೋಪಡಿಗಳನ್ನು ಅಲ್ಲಿರುವವರು ಬಾಂಗ್ಲಾದೇಶದವರೆಂಬ ಶಂಕೆಯ ಗದ್ದಲದ ನಡುವೆ ನೆಲಸಮ ಮಾಡಿದರು. ಅಲ್ಲಿದ್ದವರಲ್ಲಿ ನಮ್ಮದೇ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು. ಕರ್ನಾಟಕ ಹೈಕೋರ್ಟ್ ಮಧ್ಯಪ್ರವೇಶಿಸಿತು. ಆ ಸುದ್ದಿ ಓದಿದ ದಿನ ನನಗೆ ಮೊದಲು ನೆನಪಾದದ್ದು ರಿಜಿಸ್ಟರು; ಯಾವ ಊರಿನವರು, ಎಂದು ಬಂದರು, ಯಾವ ಚೀಟಿ ಇದೆ ಎಂಬುದನ್ನು ಶಾಂತ ಕಾಲದಲ್ಲಿ ಬರೆದಿಟ್ಟಿದ್ದರೆ ಮಾತ್ರ ಅಂಥ ಹೊತ್ತಿನಲ್ಲಿ ಕೈಗೆ ಸಿಗುತ್ತದೆ.

ಪ್ರದೇಶ ಘೋಷಣೆಯಾಗಿ ಹಕ್ಕುಪತ್ರ ಕೈಸೇರಿ ತಾರಸಿ ಬೀಳುವಷ್ಟರಲ್ಲಿ ವರ್ಷಗಳು ಕಳೆಯುತ್ತವೆ, ನಮ್ಮ ಸಮಾಜಕಾರ್ಯ ಸ್ನಾತಕೋತ್ತರ ಪದವಿ (ಎಂ.ಎಸ್.ಡಬ್ಲ್ಯು.) ಎರಡೇ ವರ್ಷದ್ದು. ನಾವು ಅರ್ಜಿ ಹಾಕಿಸಿದ ಮನೆಗಳಲ್ಲಿ ಒಂದರ ಪಾಯವನ್ನೂ ವಿದ್ಯಾರ್ಥಿಗಳಾಗಿ ನಾವು ನೋಡಲಿಲ್ಲ. ಆದುದರಿಂದ ಸಂಸ್ಥೆಗೆ ವಿದ್ಯಾರ್ಥಿಗಳ ಉತ್ಸಾಹಕ್ಕಿಂತ ಹೆಚ್ಚು ಬೇಕಾಗಿರುವುದು ಒಂದು ತಂಡ ನಿಲ್ಲಿಸಿದ ಸಾಲಿನಿಂದಲೇ ಮುಂದಿನ ತಂಡ ಆರಂಭಿಸುವುದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈಗ ಕ್ಷೇತ್ರಕಾರ್ಯದ ವರದಿಗಳು ಅಂಕ ಕೊಟ್ಟ ಮೇಲೆ ವಿಭಾಗದ ಬೀರುವನ್ನು ಸೇರುತ್ತವೆ, ಹೊಸಬರು ಮತ್ತೆ ಮೊದಲ ಮನೆಯಿಂದ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ, ಜನಕ್ಕೂ ಬೇಸರವಾಗುತ್ತದೆ.

ಹೊರಹೋಗುವ ತಂಡ ಮತ್ತು ಒಳಬರುವ ತಂಡ ಸಂಸ್ಥೆಯ ಕಚೇರಿಯಲ್ಲಿ ಒಟ್ಟಿಗೆ ಕೂತು, ಬಾಕಿ ಉಳಿದ ಪ್ರತಿಯೊಂದು ಅರ್ಜಿ ಯಾವ ಮೇಜಿನಲ್ಲಿದೆ, ಯಾವ ಕಾಗದಕ್ಕಾಗಿ ನಿಂತಿದೆ ಎಂದು ಹಸ್ತಾಂತರಿಸಿಕೊಳ್ಳುವ ಒಂದು ದಿನವನ್ನು ಶೈಕ್ಷಣಿಕ ವೇಳಾಪಟ್ಟಿಯಲ್ಲಿಯೇ ಸೇರಿಸಬೇಕೆಂದು ನಾನು ವಿಭಾಗಕ್ಕೆ ಪತ್ರ ಬರೆದಿದ್ದೇನೆ. ಆಧಾರ್ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆಯಬಾರದು, ಪುಟಗಳ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಂಚಬಾರದು, ರಿಜಿಸ್ಟರು ಸಂಸ್ಥೆಯ ಬೀಗದೊಳಗೆ ಇರಬೇಕು ಎಂಬ ಮೂರು ಮಾತುಗಳನ್ನೂ ಅದರಲ್ಲಿ ಸೇರಿಸಿದ್ದೇನೆ. ವಿಭಾಗ ಒಪ್ಪಿದರೆ ಮೊದಲ ಸಲದ ಹಸ್ತಾಂತರಕ್ಕೆ ನಾನು ರಜೆ ಹಾಕಿ ಬಂದು ಜೊತೆಯಲ್ಲಿ ಕೂರುತ್ತೇನೆ. ನಮ್ಮ ತಂಡದ ಉಳಿದ ಮೂವರಲ್ಲಿ ಇಬ್ಬರು ಬರುವುದಾಗಿ ಈಗಾಗಲೇ ಹೇಳಿದ್ದಾರೆ.