ಮಾರ್ಚ್‌ನಲ್ಲೇ ಫ್ರಾನ್ಸ್‌ಗೆ, ಮನೆ ಸಮೇತ

ಈ ಸಲ ಮಾರ್ಚ್ ಮಧ್ಯದಲ್ಲೇ ಮೋಟರ್‌ಹೋಮ್, ಅಂದರೆ ಅಡುಗೆ-ಮಲಗುವ ವ್ಯವಸ್ಥೆ ಇರುವ ನಮ್ಮ ಗಾಡಿ, ತೆಗೆದುಕೊಂಡು ಇಂಗ್ಲೆಂಡ್‌ನಿಂದ ಫ್ರಾನ್ಸ್‌ಗೆ ಹೊರಡುತ್ತಿದ್ದೇವೆ. ಎಂಟು ವಾರ! ಡೋವರ್‌ನಿಂದ ಕ್ಯಾಲೆಗೆ ಫೆರ್ರಿಯಲ್ಲಿ ಸುಮಾರು ಒಂದೂವರೆ ಗಂಟೆ ಅಷ್ಟೇ. ನಮ್ಮದು ಬ್ರಿಟಿಷ್ ಪಾಸ್‌ಪೋರ್ಟ್, ವೀಸಾ ಬೇಡ, ಆದರೆ ಷೆಂಗೆನ್ ದೇಶಗಳಲ್ಲಿ (ಒಳಗೊಳಗೇ ಗಡಿ ತಪಾಸಣೆ ತೆಗೆದುಹಾಕಿಕೊಂಡಿರುವ ಫ್ರಾನ್ಸ್ ಮುಂತಾದ ಯೂರೋಪಿನ ದೇಶಗಳು) 180 ದಿನಕ್ಕೆ 90 ದಿನ ಮಾತ್ರ ಇರಬಹುದು.

ಆ ಹೊತ್ತಿಗೆ ಎಷ್ಟೋ ಕ್ಯಾಂಪ್‌ಸೈಟ್‌ಗಳು ತೆರೆದೇ ಇರುವುದಿಲ್ಲ, ಏಪ್ರಿಲ್ ಬರಬೇಕು. ಹಾಗಾಗಿ ಊರೂರಲ್ಲಿ ಮೋಟರ್‌ಹೋಮ್‌ಗಳಿಗೆಂದೇ ಇರುವ ‘ಏರ್’ ಜಾಗಗಳನ್ನು ನೆಚ್ಚಿಕೊಂಡಿದ್ದೇವೆ; ಅಲ್ಲೂ ಚಳಿಗೆ ಕೆಲವು ಕಡೆ ನಲ್ಲಿ ಬಂದ್ ಮಾಡಿರುತ್ತಾರೆ, ಅದಕ್ಕೇ ನೀರಿನ ಟ್ಯಾಂಕ್ ಅರ್ಧ ಆದ ಕೂಡಲೇ ತುಂಬಿಸಿಕೊಳ್ಳಬೇಕು. ಆಲ್ಪ್ಸ್‌ನ ಎತ್ತರದ ಘಾಟಿ ರಸ್ತೆಗಳು ಮೇ, ಜೂನ್‌ವರೆಗೂ ಹಿಮದಿಂದ ಮುಚ್ಚಿರುತ್ತವೆ. ಆ ಆಸೆ ಬಿಟ್ಟು ಅಟ್ಲಾಂಟಿಕ್ ಕರಾವಳಿ ಹಿಡಿದು ದಕ್ಷಿಣಕ್ಕೆ ಇಳಿಯುತ್ತೇವೆ.

ನಿನ್ನೆ ಡಬ್ಬಿಗಳನ್ನು ಜೋಡಿಸಿದೆ. ರಾಗಿ ಹಿಟ್ಟು, ಅವಲಕ್ಕಿ, ಅಮ್ಮ ಕಳಿಸಿದ ಸಾರಿನ ಪುಡಿ. ತುಪ್ಪದ ಬಾಟಲಿ ಮಾತ್ರ ವಾಪಸ್ ಕಪಾಟಿಗೆ ಹೋಯಿತು, ಇಲ್ಲಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲವಲ್ಲ. ಪರವಾಗಿಲ್ಲ, ನಾರ್ಮಂಡಿಯ ಬೆಣ್ಣೆ ಎಂಥದ್ದು ಗೊತ್ತಲ್ವಾ! ಮೊದಲ ಸಂಜೆಯೇ ಗಾಡಿಯ ಪುಟ್ಟ ಒಲೆಯ ಮೇಲೆ ಕಾಯಿಸಿ, ಘಮ ಬರುವಾಗ ವೀಳ್ಯದೆಲೆ ಇಲ್ಲದಿದ್ದರೂ ನಾಲ್ಕು ಕಾಳು ಮೆಂತ್ಯ ಹಾಕಿ ಇಳಿಸುತ್ತೇನೆ.