ಅದೇ ಕೆಂಡದ ಮುಂದೆ

ನಿನ್ನೆ ರಾತ್ರಿ ಮಗನ ಮೇಲೆ ಸುಮ್‌ಸುಮ್ನೆ ಕೂಗಾಡ್ಬಿಟ್ಟೆ, ಹೋಂವರ್ಕ್ ಒಂದು ನೆಪ ಅಷ್ಟೇ, ಕೆಲಸದ ಟೆನ್ಷನ್ನೆಲ್ಲ ಅವನ ಮೇಲೆ ತೀರಿಸ್ಕೊಂಡೆ, ಆಮೇಲೆ ಪ್ರಾರ್ಥನೆಗೆ ಕೂತ್ರೆ ಮಾತೇ ಹೊರಡ್ಲಿಲ್ಲ. ಬೆಳಗ್ಗೆ ಬೇಗ ಎಚ್ಚರ ಆಯ್ತು, ಬೈಬಲ್ ತೆಗೆದ್ರೆ ಯೋಹಾನನ ಸುವಾರ್ತೆ 21ನೇ ಅಧ್ಯಾಯ. ಎಷ್ಟು ಸಲ ಓದಿದೀನೋ, ಆದ್ರೆ ಆ ಇದ್ದಲು ಬೆಂಕಿ ಕಣ್ಣಿಗೆ ಬಿದ್ದಿದ್ದು ಇವತ್ತೇ. ಯೇಸುವನ್ನ ಹಿಡಿದ ರಾತ್ರಿ ಅವರ ಶಿಷ್ಯ ಪೇತ್ರ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸ್ಕೊಳ್ತಾ ನಾನು ಅವರ ಶಿಷ್ಯ ಅಲ್ಲ ಅಂದಿದ್ದೂ ಇದ್ದಲು ಬೆಂಕಿ ಹತ್ರಾನೇ (ಅದು 18ನೇ ಅಧ್ಯಾಯ), ಆಮೇಲೆ ಸತ್ತು ಎದ್ದು ಬಂದ ಯೇಸು ತಿಬೇರಿಯ ಸಮುದ್ರದ ದಡದಲ್ಲಿ ಮೀನು ಸುಟ್ಟಿಟ್ಕೊಂಡು ಬನ್ನಿ ಊಟಕ್ಕೆ ಅಂತ ಕರೆದಿದ್ದೂ ಅಂಥದ್ದೇ ಕೆಂಡದ ಮುಂದೆ. ಮೂರು ಸಲ ಇಲ್ಲ ಅಂದೋನಿಗೆ ಮೂರು ಸಲ ನನ್ನನ್ನ ಪ್ರೀತಿಸ್ತೀಯಾ ಅಂತ ಕೇಳಿದ್ರು. ಬೈಗುಳ ಒಂದೂ ಇಲ್ಲ, ಮೊದಲು ಊಟ! ನಂಗಂತೂ ಅಲ್ಲೇ ಕಣ್ಣು ತುಂಬಿ ಬಂತು.

ಹೊಸದಾಗಿ ಶುರು ಮಾಡೋಕೆ ಹೊಸ ವರ್ಷಕ್ಕೋ ಉಪವಾಸ ಕೂಟಕ್ಕೋ ಕಾಯ್ಬೇಕು ಅನ್ಕೊಂಡಿದ್ದೆ ಇಷ್ಟು ದಿನ. ಬೈಬಲ್ ಮುಚ್ಚಿಟ್ಟು ಮಗನ ಹಾಸಿಗೆ ಪಕ್ಕ ಹೋಗಿ ಕೂತೆ, ಅವನು ಎದ್ದ ತಕ್ಷಣ ಸಾರಿ ಕಣೋ ಪುಟ್ಟಾ ಅಂದೆ. ಏನೂ ಮಾತಾಡ್ಲಿಲ್ಲ, ಕಣ್ಣುಜ್ಕೊಂಡು ಸ್ವಲ್ಪ ಪಕ್ಕಕ್ಕೆ ಸರಿದು ನಂಗೂ ಜಾಗ ಮಾಡ್ಕೊಟ್ಟ.