ಸಮುದ್ರ ಇಲ್ಲದ ಊರಿನವನಿಗೆ ಹಡಗು ಎಂತಕ್ಕೆ?

ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. "ಅಲ್ಲ ಮಾರಾಯ, ಶಿವಮೊಗ್ಗ ಜಿಲ್ಲೆಗೆ ಒಂದು ಗೇಣು ಸಮುದ್ರ ಇಲ್ಲ. ನಿಂಗೆ ಹಡಗಿನ ಯುದ್ಧ ಎಂತಕ್ಕೆ? ಅದರಲ್ಲೂ ಈ ಮಾಟ ಮಂತ್ರ?" ಮದುವೆಮನೆಯಲ್ಲಿ ಕೇಳಿದ್ದಾರೆ, ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ. ಒಮ್ಮೆ ಹಲ್ಲು ಕೀಳುತ್ತಾ ಡಾಕ್ಟರೇ ಕೇಳಿದರು. ಬಾಯಿ ತುಂಬಾ ಹತ್ತಿ ಇದ್ದದ್ದರಿಂದ ಆವತ್ತೊಂದು ದಿನ ನನ್ನ ಉತ್ತರ ಸಭ್ಯವಾಗಿತ್ತು. ಇನ್ನು ಬಾಯಲ್ಲಿ ಹೇಳುವುದಿಲ್ಲ. ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಲಿ.

ಗೊತ್ತಿಲ್ಲದವರಿಗೆ: ನಾನೊಂದು ಕಾದಂಬರಿ ಬರೆದಿದ್ದೇನೆ. ಹದಿನೇಳನೇ ಶತಮಾನ, ಕೆಳದಿ ಅರಸರ ಕಾಲ, ಬಸರೂರು ಬಂದರು, ಪೋರ್ಚುಗೀಸರ ಹಡಗು, ನಮ್ಮವರ ಪಕ್ಷದಲ್ಲಿ ಗಾಳಿ ಕರೆಯುವ ಒಬ್ಬ ಮಾಂತ್ರಿಕ. ಐನೂರು ಪ್ರತಿ ಅಚ್ಚಾಯಿತು. ಇನ್ನೂರ ಎಪ್ಪತ್ತು ಅಟ್ಟದಲ್ಲಿವೆ, ಒರಲೆಗೆ ಮೊದಲ ಅಧ್ಯಾಯ ಬಹಳ ಹಿಡಿಸಿದೆ. "ಮಕ್ಕಳ ಪುಸ್ತಕವಾ?" ಅನ್ನುವವರಿಗೆ ಅಲ್ಲ ಅಂತಷ್ಟೇ ಉತ್ತರ.

ಮೊದಲು ಸಮುದ್ರದ ವಿಚಾರ ಮುಗಿಸಿಬಿಡೋಣ. ಕೆಳದಿ, ಇಕ್ಕೇರಿ, ಬಿದನೂರು, ಈ ಮೂರು ರಾಜಧಾನಿಗಳೂ ಇವತ್ತಿನ ಸಾಗರ, ಹೊಸನಗರ ತಾಲ್ಲೂಕಿನಲ್ಲೇ ಇವೆ. ಆ ಅರಮನೆಗಳಿಗೆ ಹಣ ಬರುತ್ತಿದ್ದದ್ದು ಘಟ್ಟದ ಮೇಲಿನ ಮೆಣಸು, ಕೆಳಗಿನ ಅಕ್ಕಿ ಹಡಗು ಹತ್ತಿದಾಗ. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕ ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡದ್ದು ಸಮುದ್ರಸ್ನಾನಕ್ಕಲ್ಲ. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಪಡೆ ಕಟ್ಟಿಕೊಂಡು ಬಂದು ಬಸರೂರನ್ನು ಕೊಳ್ಳೆ ಹೊಡೆದ. ನಷ್ಟ ಆದದ್ದು ಯಾರಿಗೆ? ಬಿದನೂರಿಗೆ. ಶಿವಮೊಗ್ಗ ಪೇಟೆಯಲ್ಲಿ ಶಿವಪ್ಪನಾಯಕನ ಪ್ರತಿಮೆಯ ಸುತ್ತ ದಿನಾ ಗಾಡಿ ತಿರುಗಿಸುವವರೇ ನನ್ನನ್ನು "ನಮಗೂ ಸಮುದ್ರಕ್ಕೂ ಎಂತ ಸಂಬಂಧ" ಅಂತ ಕೇಳುತ್ತಾರೆ. ಜಿಲ್ಲೆಯ ಗಡಿ ಆಮೇಲಿನದು. ಮೆಣಸಿನ ಚೀಲ ಹೊತ್ತು ಘಟ್ಟ ಇಳಿದ ಎತ್ತಿಗೆ ಅದು ಗೊತ್ತಿರಲಿಲ್ಲ.

ನಾನು ಸಮುದ್ರಯಾನ ಮಾಡಿದವನಲ್ಲ, ಒಪ್ಪಿಕೊಳ್ಳುತ್ತೇನೆ. ಮುರುಡೇಶ್ವರದಲ್ಲಿ ಮೊಣಕಾಲವರೆಗೆ ಇಳಿದಿದ್ದೇನೆ, ಪ್ಯಾಂಟು ಮಡಚಿಕೊಂಡು. ನನ್ನ ಹಡಗು ಸಿಗಂದೂರಿನ ಲಾಂಚು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಹಿನ್ನೀರು ಹರಡಿತು. ಆಮೇಲೆ ಆಚೆ ದಡದ ತುಮರಿ ಕಡೆಯವರು ಸಾಗರದ ಪೇಟೆಗೆ ಬರಬೇಕಾದರೆ ಹೊಳೆ ದಾಟಲೇಬೇಕು. 2025ರ ಜುಲೈಯಲ್ಲಿ ಸೇತುವೆಯಾಯಿತು, ಅದಕ್ಕೂ ಮುಂಚೆ ಬಸ್ಸು ಜನರ ಸಮೇತ ಲಾಂಚು ಹತ್ತುತ್ತಿತ್ತು. ಒಂದು ಮುಂಜಾನೆ ಕಿಟಕಿ ಪಕ್ಕ ಕೂತಿದ್ದೆ. ಮಂಜಿಗೆ ಆಚೆ ದಡವೂ ಇಲ್ಲ, ಈಚೆ ದಡವೂ ಇಲ್ಲ. ಎಂಜಿನ್ನಿನ ಗುಡುಗುಡು ಬಿಟ್ಟರೆ ಹಿಂದಿನ ಸೀಟಿನ ಅಜ್ಜಿಯ ಕೈಚೀಲದಲ್ಲಿ ಕೋಳಿ ಕೊಕ್ಕೊಕ್ಕೋ ಅನ್ನುವ ಸದ್ದು, ಅಷ್ಟೇ. ಕೆಳಗೆ ಮುಳುಗಿದ ಊರುಗಳಿವೆ. ಹಳೇ ಹಿರೇಭಾಸ್ಕರ ಅಣೆಕಟ್ಟು ಕೂಡ ಇದೇ ಹಿನ್ನೀರಿನಡಿ ಇದೆ, ನೀರು ತೀರಾ ಇಳಿದ ಬೇಸಿಗೆಯಲ್ಲಿ ತಲೆ ಎತ್ತುತ್ತದೆ. ಒಂದು ಅಣೆಕಟ್ಟನ್ನೇ ನುಂಗಿದ ನೀರಿನ ಮೇಲೆ ಬಸ್ಸಿನಲ್ಲಿ ಕೂತು ತೇಲಿದವನನ್ನು "ಇದೆಲ್ಲ ನಿಂಗೆ ಹೇಗೆ ಹೊಳೀತು" ಅಂತ ಕೇಳಬಾರದು.

ಇನ್ನು ಮಂತ್ರ. ನನ್ನ ಮಾವನ ಮನೆ ಅಂಗಳದಲ್ಲಿ, ಊಟ ಮುಗಿದು ಎಲೆ-ಅಡಿಕೆ ಹೊತ್ತಿನಲ್ಲಿ ಆದ ಮಾತು ಇದು. ಪುಸ್ತಕವನ್ನು ಅವರು ಕಾಲರಾ ಬಂದವನ ಬಟ್ಟೆ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದಿದ್ದರು. "ಇತಿಹಾಸ ಬರೀತೀಯಾ, ಇತಿಹಾಸ ಬರಿ. ಈ ಕಾಲದಲ್ಲಿ ಮಂತ್ರ ಗಿಂತ್ರ ಯಾರೋ ನಂಬ್ತಾರೆ?"

ನಾನು ಅವರ ತೋಟದ ಬಾಗಿಲಿನ ಉಣುಗೋಲಿನ ಕಡೆ ನೋಡಿದೆ. ಅಲ್ಲಿ ಹಳದಿ ಬೋರ್ಡು: ಈ ತೋಟಕ್ಕೆ ಸಿಗಂದೂರು ಚೌಡೇಶ್ವರಿ ಅಮ್ಮನವರ ಕಾವಲಿದೆ. ಹಿಂದಿನ ವರ್ಷ ಅಡಿಕೆ ಗೊನೆ ಕಳುವಾಗಿತ್ತು. ಮಾವ ಮೊದಲು ಸಿಸಿಟಿವಿ ಹಾಕಿಸಿದರು, ಮಂಗ ವೈರು ಕಿತ್ತಿತು. ಆಮೇಲೆ ಲಾಂಚು ಹತ್ತಿ ಹೋಗಿ ಈ ಬೋರ್ಡು ತಂದರು. ಕಳ್ಳತನ ನಿಂತಿತು. ಹೇಳಿ, ಮಂತ್ರ ಯಾರು ನಂಬುತ್ತಾರೆ? ಕಳ್ಳ ನಂಬುತ್ತಾನೆ ಅಂತ ಮಾವ ನಂಬಿದ್ದಾರೆ. ಅಷ್ಟು ಸಾಕು, ಕೆಲಸ ಆಗುತ್ತದೆ.

ನನ್ನ ಕಾದಂಬರಿಯ ಪೋರ್ಚುಗೀಸರೂ ಇದನ್ನೇ ಮಾಡುವುದು. ಅವರ ಹತ್ತಿರ ಕಾರ್ತಾಜ್ ಅಂತ ಒಂದು ರಹದಾರಿ ಚೀಟಿ ಇತ್ತು. ಇದು ನಾನು ಕಟ್ಟಿದ್ದಲ್ಲ, ನಿಜವಾಗಿ ಇದ್ದದ್ದು. ನಮ್ಮ ಕರಾವಳಿಯ ಹಡಗು ತನ್ನದೇ ಸಮುದ್ರದಲ್ಲಿ ಹೋಗಬೇಕಾದರೂ ಅದನ್ನು ಕೊಳ್ಳಬೇಕು. ನಾಯಕ ಯಾರು, ಸರಕು ಏನು, ಹೋಗುವುದು ಎಲ್ಲಿಗೆ, ಎಲ್ಲ ಅದರಲ್ಲಿ ಬರೆಸಬೇಕು. ಮೆಣಸು ಸಾಗಿಸುವ ಹಾಗಿಲ್ಲ. ಚೀಟಿ ಇಲ್ಲದ ಹಡಗು ಸಿಕ್ಕರೆ ಜಪ್ತಿ. ಒಂದು ಕಾಗದದ ತುಂಡು ಹಾಯಿ ಬಿಚ್ಚಿದ ಹಡಗನ್ನು ನಡುನೀರಿನಲ್ಲಿ ನಿಲ್ಲಿಸುತ್ತದೆ ಎಂದರೆ ಅದಕ್ಕಿಂತ ದೊಡ್ಡ ಮಾಟ ಯಾವುದು? ಹಿಂದೆ ಫಿರಂಗಿ ಇತ್ತು ಅನ್ನಿ, ಸರಿ. ಬೋರ್ಡಿನ ಹಿಂದೆ ಚೌಡಿ ಇದ್ದ ಹಾಗೆ.

ಇತಿಹಾಸಕ್ಕೆ ಮಂತ್ರ ಬೆರೆಸಬಾರದು ಅನ್ನುವವರು ಒಮ್ಮೆ ವೀರಗಲ್ಲು ನೋಡಲಿ. ಮುಂಬೈ ಬೋರಿವಲಿಯ ಎಕ್ಸಾರ್‌ನಲ್ಲಿ ಶಿಲಾಹಾರರ ಕಾಲದ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಗಳಲ್ಲಿ ಸಾಲು ಹುಟ್ಟುಗಳ ಹಡಗುಗಳು ಕಾದಾಡುತ್ತಿವೆ, ಮೇಲೆ ಸತ್ತವರು ಕೈಲಾಸದಲ್ಲಿದ್ದಾರೆ. ಒಂದೇ ಕಲ್ಲು, ಒಂದೇ ಉಳಿ. ಕೆತ್ತಿದವನನ್ನು ಯಾರೂ ಮದುವೆಮನೆಯಲ್ಲಿ ಹಿಡಿದು ನಿಲ್ಲಿಸಿ, ಅಪ್ಸರೆ ಎಂತಕ್ಕೆ ಅಂತ ಕೇಳಿರಲಿಕ್ಕಿಲ್ಲ.

ಇಷ್ಟು ಬರೆದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು. ನಿಜ ಹೇಳಬೇಕೆಂದರೆ ನನಗೆ ಬೇಸರ ಅವರು ಪ್ರಶ್ನೆ ಕೇಳುತ್ತಾರೆ ಅಂತಲ್ಲ, ಕೇಳಬೇಕಾದ್ದನ್ನು ಕೇಳುವುದಿಲ್ಲ ಅಂತ. ಕೇಳಿದವರು ಒಬ್ಬರೇ. ಅವರು ಪುಸ್ತಕ ಓದಿದವರೂ ಅಲ್ಲ.

ಪುಸ್ತಕ ಇನ್ನೂ ಕರಡಾಗಿತ್ತು. ಕೊನೆಕೊಯ್ಲಿನ ಕಾಲ, ನಮ್ಮ ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿತ. ಒಂದೇ ಬಲ್ಬಿನ ಕೆಳಗೆ ಹತ್ತು ಹನ್ನೆರಡು ಮೆಟ್ಟುಗತ್ತಿ, ಅಡಿಕೆ ಬುಟ್ಟಿಗೆ ಬೀಳುವ ಟಪ್ ಟಪ್. ನಿದ್ದೆ ಬರದಿರಲಿ ಅಂತ ಯಾರಾದರೂ ಕಥೆ ಹೇಳಬೇಕು. ನಾನು ನನ್ನ ಕಾಳಗ ಹೇಳಿದೆ. ಹಾಯಿ ಹಡಗಿನ ಯುದ್ಧದಲ್ಲಿ ಗಾಳಿ ಬೀಸಿ ಬರುವ ಮಗ್ಗುಲಲ್ಲಿ ಇದ್ದವನೇ ಯಜಮಾನ. ಬೇಕೆಂದಾಗ ಮೇಲೆ ಬೀಳುತ್ತಾನೆ, ಬೇಡವೆಂದರೆ ದೂರ ನಿಲ್ಲುತ್ತಾನೆ, ಫಿರಂಗಿಯ ಹೊಗೆ ಕೂಡ ಎದುರಾಳಿಯ ಕಣ್ಣಿಗೇ ಹೋಗುತ್ತದೆ. ನಮ್ಮವರು ಕೆಳಮಗ್ಗುಲಲ್ಲಿ ಸಿಕ್ಕಿಬಿದ್ದಿದ್ದಾರೆ. ಆಗ ಮಾಂತ್ರಿಕ ಕೂವೆಮರಕ್ಕೆ ಒರಗಿ ನಿಂತು ಸಿಳ್ಳೆ ಹಾಕುತ್ತಾನೆ, ಗಾಳಿ ತಿರುಗುತ್ತದೆ, ಪೋರ್ಚುಗೀಸರು ದಿಕ್ಕಾಪಾಲು. ಎಲ್ಲರಿಗೂ ಖುಷಿಯಾಯಿತು.

ಸುಲಿತಕ್ಕೆ ಬಂದು ಮೂಲೆಯಲ್ಲಿ ಕೂತಿದ್ದ ಅಕ್ಕ ಒಬ್ಬರು ಕೈ ನಿಲ್ಲಿಸದೆ ಕೇಳಿದರು: "ತಮ್ಮಾ, ಆ ಗಾಳಿ ಅವ ಎಲ್ಲಿಂದ ತಂದ?"

"ಮಂತ್ರದಿಂದ ಅಕ್ಕ."

"ಮಂತ್ರದಿಂದ ಕರೆದ, ಸರಿ. ಗಾಳಿ ಎಲ್ಲೋ ಇದ್ದದ್ದೇ ಅಲ್ವಾ? ಅಲ್ಲಿಯವರಿಗೆ ಎಂತ ಉಳೀತು?" ಒಂದು ಅಡಿಕೆ ಬುಟ್ಟಿಗೆ ಹೋಯಿತು. "ಚೌಡಿಗೆ ಕೋಳಿ ಹರಕೆ ಹೇಳದೆ ನಮ್ಮನೆ ಎಮ್ಮೆ ಕಾಡಿಂದ ವಾಪಸ್ ಬರಲ್ಲ. ಅವನಿಗೆ ಪುಕ್ಕಟೆ ಗಾಳಿ ಯಾರು ಕೊಟ್ಟರು?"

ಆ ರಾತ್ರಿ ನಲವತ್ತು ಪುಟ ಹರಿದೆ. ಜೂನ್ ಬಂತೆಂದರೆ ಕರಾವಳಿಯ ಬಂದರುಗಳು ಮುಚ್ಚುತ್ತಿದ್ದವು, ಆ ಮುಂಗಾರು ಗಾಳಿಗೆ ಯಾವ ಹಡಗೂ ಇಳಿಯುತ್ತಿರಲಿಲ್ಲ. ಕಾದಾಟ ಏನಿದ್ದರೂ ಮಳೆ ಬಿಟ್ಟ ಮೇಲೆ. ಹಾಗಾದರೆ ಫೆಬ್ರವರಿಯಲ್ಲಿ ನನ್ನ ಮಾಂತ್ರಿಕ ಕರೆದದ್ದು ಯಾವ ಗಾಳಿ? ಬರುವ ಜೂನಿನದು, ಸಾಲವಾಗಿ. ಬಂದರು ಉಳಿಯಿತು. ಜೂನಿನಲ್ಲಿ ಮೋಡ ಕಡಲ ಮೇಲೇ ನಿಂತಿತು, ಘಟ್ಟ ಹತ್ತಿಸಲು ಗಾಳಿ ಇಲ್ಲ. ಬಿದನೂರಿನಲ್ಲಿ ಅರಸ ಅವನಿಗೆ ಕಡಗ ತೊಡಿಸುವ ದಿನವೇ ಘಟ್ಟದ ಮೇಲೆ ಅವನ ತಾಯಿಯ ಸಸಿಮಡಿ ಒಣಗುತ್ತದೆ. ಇಡೀ ಕಾದಂಬರಿ ಇರುವುದು ಅಲ್ಲಿ. ಆ ಅಧ್ಯಾಯ ಓದಿದ ಮಾವನ ಅಭಿಪ್ರಾಯ: "ಮಳೆ ಕಮ್ಮಿಯಾದ್ರೆ ಒಳ್ಳೇದೇ ಬಿಡು, ಅಡಿಕೆಗೆ ಕೊಳೆರೋಗ ಇರಲ್ಲ."

ಹೋದ ವರ್ಷ ಸುಲಿತಕ್ಕೆ ಬಂದಾಗ ಅಕ್ಕ ಮೆಟ್ಟುಗತ್ತಿ ಮೇಲೆ ಕೂರುವ ಮೊದಲೇ ಕೇಳಿದರು. "ತಮ್ಮಾ, ಅವನ ಸಾಲ ತೀರಿತಾ?"

"ಇಲ್ಲ ಅಕ್ಕ, ಎರಡನೇ ಭಾಗ ಬರೀತಾ ಇದೀನಿ. ಅದರಲ್ಲಿ ತೀರುತ್ತೆ."

"ಬಡ್ಡಿ ಎಷ್ಟು ಹಾಕಿದೀಯ?"

ಎರಡನೇ ಭಾಗ ಯಾವಾಗ ಅಂತ ಕೇಳುವವರೂ ಇದ್ದಾರೆ. ಬಡ್ಡಿ ಲೆಕ್ಕ ಹಾಕ್ತಾ ಇದೀನಿ.